ಲಾರಿಯ ಬೆನ್ನಿಗೊಂದು ಕಿಡಕಿ

ಈ ಸಲ ಖಂಡೇ ಪೂಜಿಗೆ ಲಾರಿ ತೊಳಿಯೂ ಪಾಳಿ ನಂದಾಗಿತ್ತು. ಮುಂದಿನ ಗಾಜು ಒರಸಿ, ಬಾಗಲಾ ಒರಸಿ, ಹಿಂದ ಹೋಗಿ ಕ್ಯಾಬಿನ್ನಿನ ಬೆನ್ನಿಗೆ ಒಂದು ಕೊಡ ನೀರು ಸುರದೆ. ಹೊಸಾ ಕಿಡಕಿಯ ಗಾಜಿನ ಮ್ಯಾಲಿಂದ ನೀರು ಸರ್ ಅಂತ ಜಾರಿ ಕೆಳಗ ಇಳೀತು. ಒಳಗ ಹೋಗಿ ನೋಡಿದ್ರ ಒಂದ ಹನಿ ಬಂದಿದ್ದಿಲ್ಲ. ಖುಷಿಯಾಗಿ ಅದಕ್ಕೂ ಒಂದು ಕುಂಕುಮದ ಬೊಟ್ಟು ಹಚ್ಚಿದೆ. ಬಾಜೂ ಮನಿ ವೈನಿ ನೋಡಿ ನಕ್ಕರು. "ಸ್ಟೇರಿಂಗಿಗೆ ಹಚ್ಚತಾರ, ಗಾಲಿಗೆ ಹಚ್ಚತಾರ. ಇದೇನವಾ, ಕಿಡಕಿಗೂ ಪೂಜಿ?" ಅಂದ್ರು.

ಅವ್ರಿಗೆ ಅಲ್ಲೇ ನಿಂತು ಹೇಳಾಕ ಆಗಲಿಲ್ಲ, ಕೈಯಾಗ ನಿಂಬಿಹಣ್ಣು, ಕುಂಬಳಕಾಯಿ ಇದ್ವು. ಅದ್ಕ ಈಗ ಕುಂತು ಬರೀಲಿಕ್ಕತ್ತೀನಿ. ಈ ಕಿಡಕಿ ಕತಿ ನಮ್ಮ ಮನಿಯೊಂದರದ್ದ ಅಲ್ಲ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದಾಗ ಯಾರ ಮನ್ಯಾಗ ಲಾರಿ ಐತಿ, ಯಾರ ಅಪ್ಪ, ಅಣ್ಣ, ಗಂಡ ಲಾರಿ ಮ್ಯಾಲ ದುಡದಾರ, ಅವ್ರೆಲ್ಲಾರ ಕತಿ.

ಲಾರಿಯ ಹಿಂದಿನ ಕಿಡಕಿ ಅಂದ್ರ ಡ್ರೈವರನ ಬೆನ್ನ ಹಿಂದ, ಕ್ಯಾಬಿನ್ನಿಗೂ ಮಾಲು ತುಂಬೂ ಬಾಡಿಗೂ ನಡುವಿನ ಗ್ವಾಡಿಯೊಳಗಿನ ಸಣ್ಣ ಕಿಡಕಿ. ಮನ್ಯಾಗ ಅಡಗಿಮನಿಗೆ ಕಿಡಕಿ ಇಲ್ಲಂದ್ರ ನಾವು ಬಾಡಿಗಿಗೂ ಹೋಗೂದಿಲ್ಲ. ಆದ್ರ ನಮ್ಮ ಗಂಡಸರು ತಿಂಗಳಾನಗಟ್ಟಲೆ ಮಲಗೂ ಆ ಸಣ್ಣ ಖೋಲಿಗೆ ಕಿಡಕಿ ಐತೋ ಇಲ್ಲೋ ಅಂತ ನಾವು ಎಂದೂ ಕೇಳಿದ್ದಿಲ್ಲ. ನಾನೂ ಕೇಳಿದ್ದಿಲ್ಲ.

ಹಳೇದರಿಂದ ಸುರು ಮಾಡತೀನಿ. ನಮ್ಮ ಕಾಡಿನ ಕಟ್ಟಿಗಿ ಮೊದಲು ಚಕ್ಕಡಿಯೊಳಗ, ಆಮ್ಯಾಲ ಅಳ್ನಾವರ–ದಾಂಡೇಲಿ ರೈಲಿನೊಳಗ ಹೋಗತಿತ್ತು. ವೆಸ್ಟ್ ಕೋಸ್ಟ್ ಪೇಪರ್ ಮಿಲ್ಲಿನ ಕಂಪನಿ ಹುಟ್ಟಿದ್ದು 1955ರಾಗ, ಕಾಳಿ ದಂಡಿ ಮ್ಯಾಲ ಕಾಗದ ತಯಾರಾಗಾಕ ಸುರುವಾಗಿದ್ದು 1959ರಾಗ. ಮಿಲ್ಲಿಗೆ ಬಿದರು ಬೇಕು, ಬಿದರು ಇರೂದು ಗುಡ್ಡದಾಗ, ಅಲ್ಲಿಗೆ ರೈಲು ಹತ್ತೂದಿಲ್ಲ. ಹಿಂಗಾಗಿ ಲಾರಿ ಬಂದ್ವು.

ಅದ ಹೊತ್ತಿಗೆ ಸರಿಯಾಗಿ ದೇಶದಾಗ ಲಾರಿ ತಯಾರಿಯೂ ಸುರುವಾಗಿತ್ತು. ಟಾಟಾದವರು 1954ರಾಗ ಜರ್ಮನಿಯ ಡೈಮ್ಲರ್-ಬೆಂಜ್ ಕಂಪನಿ ಜೋಡಿ ಕೈ ಕೂಡಿಸಿ ಜಮಶೇದಪುರದಾಗ ಲಾರಿ ಕಟ್ಟಾಕ ಹತ್ತಿದ್ರು. ಆ ಒಪ್ಪಂದ 1969ರ ತನಕ ನಡೀತು. ಅದ್ಕ ನಮ್ಮ ಹಿರೇರು ಟಾಟಾ ಗಾಡಿಗೂ "ಬೆಂಜ್ ಲಾರಿ" ಅಂತಾರ. ಮದ್ರಾಸಿನ ಅಶೋಕ ಮೋಟರ್ಸ್ 1955ರಾಗ ಅಶೋಕ ಲೇಲ್ಯಾಂಡ್ ಆತು. ಆದ್ರ ಇವರ‍್ಯಾರೂ ಪೂರಾ ಲಾರಿ ಮಾರತಿದ್ದಿಲ್ಲ. ಮಾರತಿದ್ದದ್ದು ಚಾಸಿ: ಇಂಜಿನ್ನು, ಗಾಲಿ, ಉದ್ದಾನ ಎರಡು ಕಬ್ಬಿಣದ ತೊಲಿ, ಮುಂದಿನ ಮಾರಿ, ಅಷ್ಟ. ಬಾಗಲಾ ಇಲ್ಲ, ಮಾಡ ಇಲ್ಲ, ಹಿಂದಿನ ಗ್ವಾಡಿನೂ ಇಲ್ಲ. ಅಂಥಾ ಬರೀ ಚಾಸಿ ಮ್ಯಾಲ ಕಟ್ಟಿಗಿ ಡಬ್ಬಿ ಇಟಗೊಂಡು ಕುಂತು, ಮಾರಿಗೆ ಟಾವೆಲ್ ಸುತಗೊಂಡು, ಕಣ್ಣಿಗೆ ಚಾಳೀಸು ಹಾಕ್ಕೊಂಡು ಡ್ರೈವರುಗಳು ಸಾವಿರಗಟ್ಟಲೆ ಮೈಲಿ ಹೊಡಕೊಂಡು ಬರತಿದ್ರು. ನಮ್ಮ ಮಾವಾರು ಇದನ್ನ ಹೇಳೂವಾಗ, "ಅಡವಿಯೊಳಗ ಹಲ್ಲಿನ ಸಂದಿಗೂ ಧೂಳು" ಅಂತಿದ್ರು.

ಚಾಸಿ ಊರಿಗೆ ಬಂದಮ್ಯಾಲ ಮನಿ ಕಟ್ಟೂ ಕೆಲಸ. ಹುಬ್ಬಳ್ಳಿ, ಬೆಳಗಾವಿ ಕಡೆ ಬಾಡಿ ಕಟ್ಟೂ ಗ್ಯಾರೇಜಿನ್ಯಾಗ ಬಡಿಗೇರು, ಕಂಬಾರರು, ಪೇಂಟರು ಕೂಡಿ ಮಾಡತಿದ್ರು. ಮಾವಾರು ಮೊದಲು ಕ್ಲೀನರ್ ಆಗಿ, ಆಮ್ಯಾಲ ಡ್ರೈವರ್ ಆಗಿ ದುಡದ ಲಾರಿಯ ಕ್ಯಾಬಿನ್ನು ಸಾಗವಾನಿ ಚೌಕಟ್ಟಿಂದು, ಹೊರಗ ತಗಡು, ಒಳಗ ಪ್ಲೈವುಡ್. ಡ್ರೈವರನ ಹಿಂದ ಒಂದು ಉದ್ದಾನ ಹಲಗಿ, ಅದ ಅವರ ಮಂಚ. ಆ ಹಲಗಿ ಮ್ಯಾಲ ಒಂದೂವರಿ ಫೂಟಿನ ಕಿಡಕಿ. ಕಿಡಕಿಗೆ ಮೂರು ಕಬ್ಬಿಣದ ಸರಳು, ಒಳಗಿಂದ ಸರಿಸೂ ಕಟ್ಟಿಗಿ ಪಡಕ. ಗಾಜು ಇದ್ದಿಲ್ಲ.

ಆ ಸರಳು ಚಂದಕ್ಕ ಹಾಕಿದ್ದಲ್ಲ. ಬಿದರು ಉದ್ದಾನ ಮಾಲು. ಗಣೇಶಗುಡಿ ಕಡೆಯಿಂದ ಇಳಿಜಾರಿನ್ಯಾಗ ಬ್ರೇಕ್ ಒತ್ತಿದ್ರ ಗಾಡಿ ನಿಂತರೂ ಹಿಂದಿನ ಬಿದರು ನಿಲ್ಲೂದಿಲ್ಲ, ಮುಂದ ಜಾರತೈತಿ. ಸರಳಿಲ್ಲದ ಕಿಡಕಿ ಇದ್ರ ಅದು ಸೀದಾ ಡ್ರೈವರನ ಕುತಗಿಗೆ. ಅದ್ಕ ದಪ್ಪ ಹಲಗಿ, ಸರಳು, ಕೆಲವರು ಮ್ಯಾಲೊಂದು ಜಾಳಗಿ. ಇಷ್ಟು ಭಯ ಇದ್ರೂ ಕಿಡಕಿ ಬ್ಯಾಡ ಅಂತ ಮುಚ್ಚಲಿಲ್ಲ ಅನ್ನೂದನ್ನ ನೋಡ್ರಿ. ಯಾಕಂದ್ರ ಅದರ ಕೆಲಸ ಭಾಳ ಇತ್ತು.

ಮೊದಲನೇದು, ಮಾಲಿನ ಮ್ಯಾಲ ನಿಗಾ. ಹಗ್ಗ ಸಡಲಾಗೇತೇನು, ತಾಡಪತ್ರಿ ಹಾರೇತೇನು ಅಂತ ಕ್ಲೀನರ್ ಅಲ್ಲಿಂದ ಹಣಿಕಿ ಹಾಕತಿದ್ದ. ಎರಡನೇದು, ಖಾಲಿ ಗಾಡಿ ಹಿಂದ ಸರಿಸೂವಾಗ ಕಣ್ಣು. ಹಿಂದ ನಿಂತ ಕ್ಲೀನರ್ "ಬರ‍್ಲಿ, ಬರ‍್ಲಿ, ಹೋಲ್ಡ್" ಅಂದದ್ದು ಇಂಜಿನ್ ಸಪ್ಪಳದಾಗೂ ಅದರೊಳಗಿಂದ ಕೇಳತಿತ್ತು. ಮೂರನೇದು, ಗಾಳಿ. ಎರಡೂ ಬಾಗಲದ ಗಾಜು ಒಂದೀಟು ಇಳಿಸಿ, ಹಿಂದಿನ ಪಡಕ ಸರಿಸಿದ್ರ ಗಾಳಿ ಆರಪಾರ. ನಾವು ಪಡಸಾಲಿ ಬಾಗಲಾ, ಹಿತ್ತಲ ಬಾಗಲಾ ಎದುರುಬದರು ಇಡತೀವಲ್ಲ, ಅದ ಲೆಕ್ಕ.

ನಾಕನೇ ಕೆಲಸ ನಮ್ಮ ಹೆಣ್ಮಕ್ಕಳದು. ಭಾರತ ಹುಣ್ಣಿವಿಗೆ ಉಳವಿ ಚನ್ನಬಸವಣ್ಣನ ಜಾತ್ರಿ. ಧಾರವಾಡ, ಬೆಳಗಾವಿ ಸೀಮಿಯಿಂದ ಚಕ್ಕಡಿ ಸಾಲು ಇಂದಿಗೂ ಬರತಾವ. ಚಕ್ಕಡಿ ಇಲ್ಲದವರು ಲಾರಿ ಹತ್ತತಿದ್ರು. ಹಿಂದಿನ ಬಾಡಿಯೊಳಗ ಹುಲ್ಲು ಹಾಸಿ, ಜಮಖಾನಿ ಹಾಸಿ, ಬುತ್ತಿ ಗಂಟು ನಡುವ ಇಟಗೊಂಡು ನಲವತ್ತು ಮಂದಿ. (ಹಂಗ ಮಾಲು ಗಾಡಿಯೊಳಗ ಮಂದಿನ ತುಂಬೂದು ಅಪಾಯ, ಕಾಯ್ದೆಕ್ಕೂ ವಿರುದ್ಧ. ಮಾಡ್ರಿ ಅಂತ ಹೇಳವಲ್ಲೆ, ನಡದದ್ದು ಹೇಳತೀನಿ.) ಗಾಡಿ ನಿಲ್ಲಸಬೇಕಂದ್ರ ಡ್ರೈವರಗೆ ಹೆಂಗ ತಿಳಸೂದು? ಆ ಕಿಡಕಿಯ ಸರಳಿಗೆ ಬಳಿಗೈಲೆ ಬಡೀತಿದ್ವಿ. ಕೂಸಿಗೆ ವಾಂತಿ ಬಂತು, ಮುದುಕಿಗೆ ಇಳೀಬೇಕು, ನೀರಿನ ತಂಬಿಗಿ ಖಾಲಿ ಆತು, ಎಲ್ಲಾ ಸುದ್ದಿ ಆ ಕಿಡಕಿಯಾಗ. ನಮ್ಮ ಅತ್ತಿ ಅದರೊಳಗಿಂದನ ಮಾವಾರಿಗೆ ಎಲಿ ಅಡಕಿ ಮಡಚಿ ಕೊಡತಿದ್ರಂತ. ಹೊಸದಾಗಿ ಮದಿವಿ ಆದವರು, ಎಲ್ಲಾರ ಮುಂದ ಮಾತಾಡಾಕ ನಾಚಿಕಿ. "ನಮ್ಮ ಟೆಲಿಫೋನು ಅದ ಆಗಿತ್ತವಾ" ಅಂತಿದ್ರು.

ಬ್ಯಾರೆ ದೇಶದಾಗ ಲಾರಿಯೊಳಗ ಮಲಗೂದಕ್ಕ ಕಾಯ್ದೆ ಭಾಳ ಮೊದಲ ಬಂದೈತಿ. ಅಮೆರಿಕಾದಾಗ 1953ಕ್ಕೂ ಮೊದಲು ಕೂಡಿಸಿದ ಹಾಸಿಗಿ 18 ಇಂಚು ಅಗಲ ಇದ್ರೂ ನಡೀತಿತ್ತು. 1975ರ ಸೆಪ್ಟೆಂಬರ್ ಮುಗದಮ್ಯಾಲ ಕೂಡಿಸಿದ್ದು 75 ಇಂಚು ಉದ್ದ, 24 ಇಂಚು ಅಗಲಕ್ಕ ಕಡಿಮಿ ಇರಬಾರದು, ಮ್ಯಾಲ 24 ಇಂಚು ಜಾಗಾ ಬೇಕು, ಗಾಳಿಗೆ ಸಂದಿ ಬೇಕು, ಧೂಳು ಮಳಿ ಒಳಗ ಬರಬಾರದು ಅಂತ ಬರದಾರ. ನಮ್ಮ ದೇಶದಾಗ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕ 8 ತಾಸು, ವಾರಕ್ಕ 48 ತಾಸು ಕೆಲಸ, ಐದು ತಾಸಿಗೊಮ್ಮೆ ಅರ್ಧಾ ತಾಸು ವಿಶ್ರಾಂತಿ ಅಂತ ಹೇಳಿತು. ಆದ್ರ ನಮ್ಮ ಕಡೆ ಆ ವಿಶ್ರಾಂತಿಗೆ ಹಲಗಿ ಹಾಕಿದವ, ಕಿಡಕಿ ಇಟ್ಟವ ಗ್ಯಾರೇಜಿನ ಬಡಿಗ್ಯಾ. ಅಳತಿ ಅವನ ಕೈಯಾಗಿತ್ತು, ಡ್ರೈವರ್ ಬಾಜೂ ನಿಂತು "ಇಲ್ಲಿ ನನ್ನ ತೆಲಿ ಬರತೈತಿ, ಕಿಡಕಿ ಇಲ್ಲೇ ಇಡು" ಅಂತಿದ್ದ.

ಆಮ್ಯಾಲ ಕಾಲ ಬದಲಾತು. ನಮ್ಮ ರಾಜ್ಯದ ಹೊಸಕೋಟೆಯೊಳಗ 1998ರಾಗ ವೋಲ್ವೋ ಕಂಪನಿ ಲಾರಿ ಕಟ್ಟಾಕ ಸುರು ಮಾಡಿತು. ಕ್ಯಾಬಿನ್ನು, ಸೀಟು, ಹಾಸಿಗಿ ಎಲ್ಲಾ ಕಾರ್ಖಾನ್ಯಾಗ ತಯಾರು. ಮುಂದ ನಮ್ಮ ದೇಶದ ಕಂಪನಿಗಳೂ ಚಾಸಿ ಬದಲು ಕ್ಯಾಬಿನ್ ಸುದ್ದಾ ಗಾಡಿ ಕೊಡೂದು ಹೆಚ್ಚಾತು. ಇದು ಚಲೋದ ಆತು, ಅದರಾಗ ಎರಡು ಮಾತಿಲ್ಲ. ಕಟ್ಟಿಗಿ ಕ್ಯಾಬಿನ್ನು ಗುದ್ದಿದ್ರ ಸೀಳಿ ಮೈಗೆ ಚುಚ್ಚತಿತ್ತು, ಉಕ್ಕಿಂದು ಜೀವಾ ಉಳಸತೈತಿ. ಆದ್ರ ಕಾರ್ಖಾನ್ಯಾಗ ಕ್ಯಾಬಿನ್ ಮಾಡೂವಾಗ ಡ್ರೈವರ್ ಬಾಜೂ ನಿಂತಿರೂದಿಲ್ಲ. ಭಾಳಷ್ಟು ಗಾಡ್ಯಾಗ ಹಿಂದಿನ ಗ್ವಾಡಿ ಪೂರಾ ಮುಚ್ಚಿದ ತಗಡಾಗಿ ಬಂತು. ನಮ್ಮ ಮನಿಯವರು ತಗೊಂಡ ಸೆಕೆಂಡ್ ಹ್ಯಾಂಡ್ ಲಾರಿದೂ ಹಂಗ ಇತ್ತು. ಹಾಸಿಗಿ ಚಲೋ ಮೆತ್ತಗ, ಕರ್ಟನ್ ಚಲೋ, ಗಾಳಿ ಮಾತ್ರ ಇಲ್ಲ.

ಇದರ ಬೆಲಿ ನಮಗ ತಿಳದದ್ದು ಎರಡು ಮಳಿಗಾಲದ ಹಿಂದ. ನಮ್ಮ ಮೈದುನ ಗೋವಾದಿಂದ ಖಾಲಿ ಗಾಡಿ ತರತಿದ್ದ. ಅನಮೋಡ ಘಾಟ್ ಹತ್ತಿ ರಾಮನಗರ ದಾಟೂದ್ರಾಗ ನಡುರಾತ್ರಿ. ಮಳಿ ಅಂದ್ರ ನಮ್ಮ ಜೋಯಿಡಾ ಮಳಿ, ನಿಮಗ ಗೊತ್ತಿದ್ದದ್ದ. ಬದೀಗೆ ಗಾಡಿ ಹಚ್ಚಿ, ಗಾಜು ಪೂರಾ ಏರಿಸಿ, ಫ್ಯಾನಿಗೆ ಬ್ಯಾಟರಿ ಇಳೀಬಾರದಂತ ಇಂಜಿನ್ ಚಾಲೂ ಇಟ್ಟು ಮಲಗಿದಾನ. ಬೆಳಿಗ್ಗೆ ಚಾದಂಗಡಿಯವ ಗಾಜು ಬಡದು ಬಡದು ಎಬ್ಬಿಸಿದ. ಬಾಗಲಾ ತಗದವನ ಕೆಳಗ ಬಿದ್ದ. ತೆಲಿ ಸಿಡೀತಿತ್ತು, ವಾಂತಿ, ಕಾಲಾಗ ಶಕ್ತಿ ಇಲ್ಲ. ಡಾಕ್ಟರು ಇಂಜಿನ್ ಹೊಗಿ ಒಳಗ ಸೇರೇತಿ ಅಂದ್ರು. ಹೊಗಿಯೊಳಗಿನ ಕಾರ್ಬನ್ ಮೊನಾಕ್ಸೈಡಿಗೆ ವಾಸನಿ ಇಲ್ಲ, ಬಣ್ಣ ಇಲ್ಲ. ರಕ್ತದಾಗ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅದು ಅಂಟಕೊಳ್ಳತೈತಿ. ಮಲಗಿದವಗ ಉಸರು ಕಟ್ಟಿದ್ದು ಗೊತ್ತ ಆಗೂದಿಲ್ಲ. "ಇನ್ನೊಂದು ತಾಸು ಹೋಗಿದ್ರ…" ಅಂದು ಡಾಕ್ಟರು ಸುಮ್ಮನಾದ್ರು. ನಮ್ಮ ಅತ್ತಿ ಅವತ್ತು ಊಟಾ ಮಾಡಲಿಲ್ಲ. ರಾತ್ರಿ ಒಂದ ಮಾತು ಕೇಳಿದ್ರು: "ಆ ಗಾಡಿಗೆ ಹಿಂದ ಕಿಡಕಿ ಇಲ್ಲೇನು?"

ಅತ್ತಿ ಮಾತಿನಿಂದ ಕೆಲಸ ಸುರುವಾತು. ಹಂಗಂತ ಕಿಡಕಿ ಇಟ್ಟರ ಇಂಜಿನ್ ಚಾಲೂ ಇಟ್ಟು ಮಲಗಬಹುದು ಅಂತ ಯಾರೂ ತಿಳಕೋಬ್ಯಾಡ್ರಿ. ಅದು ಎಂದೆಂದಿಗೂ ಬ್ಯಾಡ. ಸೊಳ್ಳಿಬತ್ತಿ, ಸ್ಟೋವೂ ಮುಚ್ಚಿದ ಕ್ಯಾಬಿನ್ನಿನ್ಯಾಗ ಬ್ಯಾಡ. ಕಿಡಕಿ ಬೇಕಾದದ್ದು ಇಂಜಿನ್ ಬಂದ್ ಮಾಡಿದಮ್ಯಾಲೂ ಸಖಿ ಆಗದಂಗ ಮಲಗಾಕ. ಸಖಿ ಆಗದಿದ್ರ ಇಂಜಿನ್ ಹಚ್ಚೂ ಮನಸ ಬರೂದಿಲ್ಲ. ಈಗ 2025ರ ಅಕ್ಟೋಬರ್ 1ರ ನಂತರ ತಯಾರಾಗೂ, ಮೂರೂವರಿ ಟನ್ನಿಗಿಂತ ಭಾರದ ಮಾಲು ಗಾಡಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ ಆಗೇತಿ. ಬಿಸಿಲಾಗ ಓಡಸೂವಾಗ ಅದು ದೊಡ್ಡ ಉಪಕಾರ. ಆದ್ರ ಇಂಜಿನ್ ಮ್ಯಾಲ ನಡಿಯೂ ಎಸಿ ರಾತ್ರಿ ನಿದ್ದಿಗೆ ಆಗೂದಿಲ್ಲ, ಹಳೇ ಗಾಡಿಗಳಿಗಂತೂ ಅದು ಬರೂದ ಇಲ್ಲ.

ಮೊದಲು ಕಾಯ್ದೆ ನೋಡಿದ್ವಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ಮಾಡಿದ ಗಾಡಿಯ ಮೂಲ ವಿವರ ನಮ್ಮ ಮನಸಿಗೆ ಬಂದಂಗ ಬದಲು ಮಾಡೂಹಂಗಿಲ್ಲ. 2019ರ ಜನವರಿಯೊಳಗ ಸುಪ್ರೀಂ ಕೋರ್ಟೂ ಇದನ್ನ ಗಟ್ಟಿಯಾಗಿ ಹೇಳೇತಿ. ಅದ್ಕ ತಗಡಿಗೆ ಕೈ ಹಚ್ಚೂ ಮೊದಲ ಆರ್‌ಟಿಓ ಆಫೀಸಿಗೆ ಹೋಗಿ ಕೇಳಿ, ಬರದು ಕೊಟ್ಟು, ಒಪ್ಪಿಗಿ ತಗೊಂಡ್ವಿ. ತಡಾ ಆತು, ಆಗಲಿ. ನಮ್ಮ ಕ್ಯಾಬಿನ್ನಿನ ಹಿಂದಿನ ತಗಡಿನ್ಯಾಗ ಕಿಡಕಿಯ ಆಕಾರದ ತಗ್ಗು ಮೊದಲ ಒತ್ತಿತ್ತು. ಅದ ಮಾದರಿ ಕ್ಯಾಬಿನ್ನು ಕಿಡಕಿ ಇಟ್ಟೂ, ಇಡದನೂ ತಯಾರಾಗತಿತ್ತಂತ. ಅಂದ್ರ ಕಂಪನಿಯವರ ಲೆಕ್ಕದಾಗ ಕಿಡಕಿಗೆ ಜಾಗಾ ಇತ್ತು, ನಮ್ಮ ಗಾಡಿಗಷ್ಟ ಗಾಜು ಬಂದಿದ್ದಿಲ್ಲ.

ಆಮ್ಯಾಲ ಗಾಜು. ಕಿಡಕಿ ಅಂಗಡಿಯೊಳಗ ಸಿಗೂ ಸಾದಾ ಗಾಜು ಗಾಡಿಗೆ ಹಾಕಬಾರದು. ಒಡದ್ರ ಕುಡಗೋಲಿನಂಥಾ ಚೂರು ಆಗತಾವ. ಸೇಫ್ಟಿ ಗಾಜಿನ ಹುಟ್ಟೂ ಒಂದು ಕತಿನ. 1903ರಾಗ ಫ್ರಾನ್ಸಿನ ಎದುವಾರ್ ಬೆನೆದಿಕ್ತುಸ್ ಅನ್ನೂವರ ಕೈಯಿಂದ ಒಂದು ಗಾಜಿನ ಬಾಟಲಿ ಬಿತ್ತು. ಬಿರುಕು ಬಿಟ್ಟರೂ ಚೂರು ಚದರಲಿಲ್ಲ. ಯಾಕಂದ್ರ ಒಳಗ ಹಿಂದ ಇಟ್ಟಿದ್ದ ರಸಾಯನ ಒಣಗಿ ತೊಗಲಿನಂಗ ಅಂಟಿತ್ತು. ಅದರಿಂದ ಎರಡು ಗಾಜಿನ ನಡುವ ಪದರ ಇಡೂ ಲ್ಯಾಮಿನೇಟೆಡ್ ಗಾಜು ಬಂತು. ಇನ್ನೊಂದು ಟಫನ್ ಗಾಜು, ಕಾಸಿ ತಟ್ಟನ ತಣ್ಣಗ ಮಾಡಿದ್ದು. ಒಡದ್ರ ಕಲ್ಲಸಕ್ಕರಿ ಹಳ್ಳಿನಂಗ ಉದರತೈತಿ. ಅದನ್ನ ಆಮ್ಯಾಲ ಕೊಯ್ಯಾಕ ಬರೂದಿಲ್ಲ, ಕೊಯ್ದ್ರ ಪೂರಾ ಪುಡಿ. ಹಿಂಗಾಗಿ ಅಳತಿ ಮೊದಲ ಸರಿ ಕೊಡಬೇಕು. ಕೇಂದ್ರ ಮೋಟಾರು ವಾಹನ ನಿಯಮ 100ರ ಪ್ರಕಾರ ಹಿಂದಿನ ಗಾಜಿನ್ಯಾಗಿಂದ ನೂರಕ್ಕ 70 ಪಾಲು ಬೆಳಕು ಬರಬೇಕು. ಕರೀ ಫಿಲ್ಮ್ ಅಂಟಸೂದನ್ನ ಸುಪ್ರೀಂ ಕೋರ್ಟು 2012ರಾಗ ಬಂದ್ ಮಾಡೇತಿ.

ಕೂಡಸೂ ದಿನ ನಾನೂ ಗ್ಯಾರೇಜಿಗೆ ಹೋಗಿದ್ದೆ. ಮಿಸ್ತ್ರಿ ಮೊದಲು ಒಳಗಿನ ಹಾಸಿಗಿ, ರೆಗ್ಝಿನ್ನು, ಫೋಮ್ ಎಲ್ಲಾ ಬಿಚ್ಚಿ ತಗದ, ಬೆಂಕಿ ಕಿಡಿ ಬಿದ್ದೀತಂತ. ತಗಡಿನ ಹಿಂದ ವೈರು, ಉಕ್ಕಿನ ಪಟ್ಟಿ ಎಲ್ಲೆಲ್ಲಿ ಹೋಗ್ಯಾವ ನೋಡಿದ. ಆ ಪಟ್ಟಿ ಕ್ಯಾಬಿನ್ನಿನ ಎಲುವು, ಅದನ್ನ ಕೊಯ್ದ್ರ ಗಾಡಿ ಕುಣದಂಗೆಲ್ಲಾ ತಗಡು ಸೀಳತೈತಿ. ಕೊಯ್ಯೂ ಗೆರಿಯ ನಾಕೂ ಮೂಲಿ ದುಂಡಗ ಬರದ. ಚೌಕ ಮೂಲಿ ಇದ್ರ ಬಿರುಕು ಅಲ್ಲಿಂದನ ಸುರುವಾಗತೈತಂತ. ಕುಬಸದ ಕಂಕಳ ಚೂಪ ಕೊಯ್ದ್ರ ಅಲ್ಲೇ ಹರೀತೈತಲ್ಲ, ಹಂಗ. ಕೊಯ್ದ ಅಂಚು ಅರದಿಂದ ತಿಕ್ಕಿ, ಜಂಗು ಹಿಡೀಬಾರದಂತ ಪ್ರೈಮರು, ಮ್ಯಾಲ ಬಣ್ಣ. ನಮ್ಮ ಮಳಿ ಸೀಮ್ಯಾಗ ಇದನ್ನ ಬಿಟ್ಟರ ಎರಡ ವರ್ಷಕ್ಕ ಕಿಡಕಿ ಸುತ್ತ ತಗಡು ಹಪ್ಪಳ ಆಗತೈತಿ.

ಗಾಜು ಕೂಡಸೂದು ನೋಡಿ ನನಗ ನಗಿ ಬಂತು, ಥೇಟ್ ನಮ್ಮ ಕೆಲಸ. ಗಾಜಿನ ಸುತ್ತ ದಪ್ಪ ರಬ್ಬರಿನ ಬೀಡಿಂಗು ಹಾಕಿದ. ಆ ರಬ್ಬರಿಗೆ ಎರಡು ಕಡೆ ಸೀಳು, ಒಂದರಾಗ ಗಾಜು ಕೂಡತೈತಿ, ಇನ್ನೊಂದರಾಗ ತಗಡು. ತಗಡಿನ ಸೀಳಿನ್ಯಾಗ ಗಟ್ಟಿ ದಾರಾ ಸುತ್ತಲೂ ಕೂಡಿಸಿ, ಲಂಗಕ್ಕ ಲಾಡಿ ಪೋಣಿಸಿದಂಗ ಎರಡೂ ತುದಿ ಒಳಗ ಇಳೇಬಿಟ್ಟ. ರಬ್ಬರಿಗೆ ಸಾಬಾಣದ ನೀರು ಸವರಿದ. ಹೊರಗ ಒಬ್ಬ ಅಂಗೈಲೆ ಗಾಜು ಒತ್ತಿ ಹಿಡದ, ಒಳಗ ಮಿಸ್ತ್ರಿ ದಾರಾ ಮೆಲ್ಲಕ ಎಳಕೋತ ಹೋದ. ದಾರಾ ಬಂದಂಗ ರಬ್ಬರಿನ ತುಟಿ ತಗಡಿನ ಮ್ಯಾಲ ಹತ್ತಿ ಕುಂತಗೋತ ಬಂತು. ಕಡೀಕ ನಡುವಿನ ಲಾಕ್ ಪಟ್ಟಿ ಒತ್ತಿದ, ಗಾಜು ಗಟ್ಟಿಯಾತು. ನಡುವಿನ ಅರ್ಧಾ ಸರಿಯೂ ಗಾಜು, ಅದಕ್ಕ ಸೊಳ್ಳಿ ಜಾಳಗಿ. ಹೊರಗ ಮಾವಾರ ಲಾರಿಗಿದ್ದಂಗ ಮೂರು ಸರಳು. ಆಮ್ಯಾಲ ಪೈಪಿನಿಂದ ಹತ್ತು ಮಿನಿಟು ನೀರು ಬಿಟ್ಟು ಪರೀಕ್ಷಾ.

ಬಳಸೂದಕ್ಕೂ ರೀತಿ ಐತಿ. ಗಾಡಿ ಓಡೂವಾಗ ಹಿಂದಿನ ಕಿಡಕಿ ಮುಚ್ಚಿರಬೇಕು. ಓಡೂ ಗಾಡಿಯ ಬೆನ್ನ ಹಿಂದ ಗಾಳಿ ಒತ್ತಡ ಕಡಿಮಿ ಆಗಿ, ಧೂಳು ಹೊಗಿ ಎರಡನ್ನೂ ಒಳಗ ಎಳೀತೈತಿ. ನಿಂತು, ಇಂಜಿನ್ ಬಂದಾದಮ್ಯಾಲ ತಗೀಬೇಕು. ಮೈದುನ ಇದನ್ನ ಬರದು ಸ್ಟೇರಿಂಗ್ ಮ್ಯಾಲ ಅಂಟಿಸ್ಯಾನ.

ರೊಕ್ಕ ಎಲ್ಲಿಂದ ಬಂತು ಅಂತೀರೇನು? ನಾನು ಅಡಗಿಮನಿ ಕಿಡಕಿ ದೊಡ್ಡದು ಮಾಡಸಾಕ ಕೂಡಿಟ್ಟಿದ್ದೆ. ಅದು ಲಾರಿ ಬೆನ್ನಿಗೆ ಹೋತು. ನನ್ನ ಅಡಗಿಮನ್ಯಾಗ ಇನ್ನೂ ಒಂದು ವರ್ಷ ಒಗ್ಗರಣಿ ಹೊಗಿ, ನಡೀತೈತಿ. ನನಗ ಹೊಗಿ ಆದ್ರ ಹಿತ್ತಲಕ್ಕ ಎದ್ದು ಬರತೀನಿ, ನಿದ್ದ್ಯಾಗಿದ್ದವಗ ಹಂಗ ಬರಾಕ ಆಗೂದಿಲ್ಲ.

ಕಿಡಕಿ ಕೂಡಿಸಿ ಬಂದ ದಿನ ಅತ್ತಿಗೆ ಗಾಡಿ ಹತ್ತಿಸಿದ್ವಿ. ಹಾಸಿಗಿ ಮ್ಯಾಲ ಕುಂತು ಸರಳಿಗೆ ಕೈ ಹಚ್ಚಿ ನೋಡಿದ್ರು, ಎರಡು ಸಲ ಬಡದ್ರು. ಮಾವಾರು ಹೋಗಿ ಒಂಬತ್ತು ವರ್ಷ ಆತು. ಏನೂ ಅನ್ನಲಿಲ್ಲ, ಇಳದು ಬಂದು ಚಾ ಇಟ್ಟರು.

ಅಕ್ಕಾರ, ವೈನಿ, ನಿಮ್ಮ ಟ್ರಂಕಿನ್ಯಾಗ ಹಳೇ ಲಾರಿ ಫೋಟೋ ಇದ್ದಾವು. ಎಲ್ಲಾರೂ ಮುಂದಿನ ಮಾರಿದ ತಗದಿರತಾರ, ಹಾರಾ ಹಾಕಿದ್ದು. ಹಿಂದಿನ ಗ್ವಾಡಿ ಕಾಣೂ ಫೋಟೋ ಒಂದರ ಇದ್ರ ಜ್ವಾಕಿ ಇಡ್ರಿ. ಇವತ್ತು ರಾತ್ರಿ ಮನಿಯವರ ಫೋನ್ ಬಂದಾಗ ಊಟಾ ಆತೇನು ಅಂತ ಕೇಳೂದರ ಜೋಡಿ ಇನ್ನೊಂದು ಕೇಳ್ರಿ: ಇಂಜಿನ್ ಬಂದ್ ಮಾಡೀರೇನು, ಗಾಳಿ ಬರತೈತೇನು?